ಅಕ್ಕೋರಿಗೆ ನಮ್ಮೂರಲ್ಲಿ ಮನೆಯಿದೆಯೇ?



ಜುಲೈ 2 ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು ಹುಟ್ಟಿದ ದಿನ. ಸರ್ಕಾರ ಅದನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ನಮ್ಮ ಮಠಗಳಲ್ಲೂ ಆ ದಿನ ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ನಾಲ್ಕು ಮಾತಾಡಿ, ಪ್ರಸಾದ ಸ್ವೀಕರಿಸಿ ಮನೆಗೆ ಹೋಗುತ್ತೇವೆ. ಅಷ್ಟೊತ್ತಿಗೆ ಶಾಲೆಗಳು ತೆರೆದು ಒಂದು ತಿಂಗಳಾಗಿರುತ್ತದೆ. ಎಲ್ಲಿ ಶಿಕ್ಷಕರು ಬಂದರು, ಎಲ್ಲಿ ಬರಲಿಲ್ಲ, ಎಲ್ಲಿ ಬಂದವರು ವರ್ಗಾವಣೆ ಅರ್ಜಿ ಹಿಡಿದು ಕೂತಿದ್ದಾರೆ ಎಂಬುದು ಊರಿಗೆಲ್ಲ ಗೊತ್ತಾಗಿರುತ್ತದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಸಂಪಾದಕೀಯದ ಉದ್ದೇಶ.

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸುಮಾರು 20 ಕಿ.ಮೀ. ದೂರಕ್ಕೆ ತಿಕೋಟಾ. ಅಲ್ಲಿಂದ ಮುಂದೆ ಹೊನವಾಡ, ಕನಮಡಿ, ಬಾಬಾನಗರ, ಬಿಜ್ಜರಗಿ. ಕನಮಡಿ ದಾಟಿದರೆ ಮಹಾರಾಷ್ಟ್ರದ ಜತ್ತ ತಾಲೂಕು. ಊರೊಳಗಿನ ಶಾಲೆಗಳ ಮಾತು ಒಂದು. ತೋಟದ ವಸ್ತಿಗಳಲ್ಲಿ ಮತ್ತು ತಾಂಡಾಗಳಲ್ಲಿ ಇರುವ ಒಂದೆರಡು ಕೋಣೆಯ ಶಾಲೆಗಳ ಮಾತು ಬೇರೆ. ಬಸ್ಸು ಇಳಿದು ಎರಡು ಮೂರು ಕಿ.ಮೀ. ಎರೆಹೊಲದ ದಾರಿ. ಮಳೆಯಾದರೆ ಗಾಡಿ ನಡೆಯದು. ಒಂದರಿಂದ ಐದನೇ ತರಗತಿವರೆಗೆ ಒಬ್ಬರೋ ಇಬ್ಬರೋ ಶಿಕ್ಷಕರು. ದಸರೆ ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಕುಟುಂಬಗಳು ಗುಳೆ ಹೋಗುತ್ತವೆ, ಅವರ ಹಿಂದೆ ಮಕ್ಕಳೂ ಹೋಗುತ್ತವೆ. ಅರ್ಧ ವರ್ಷ ಕಳೆದು ಮರಳಿ ಬಂದ ಮಗು ಕಲಿತ ಅಕ್ಷರವನ್ನೂ ಮರೆತಿರುತ್ತದೆ.

ಇಂಥ ಶಾಲೆಯನ್ನೇ ಬೇಕೆಂದು ಆರಿಸಿಕೊಳ್ಳುವ ಯುವಕ ಯುವತಿಯರು ಇಂದಿಗೂ ಇದ್ದಾರೆ. ಸಮಾಲೋಚನೆಯಲ್ಲಿ ಪಟ್ಟಣದ ಸಮೀಪದ ಶಾಲೆ ಸಿಗುವಂತಿದ್ದರೂ ದೂರದ್ದನ್ನು ಒಪ್ಪಿದವರು, ವರ್ಗಾವಣೆಗೆ ಅರ್ಹತೆ ಬಂದ ಮೇಲೂ ಅರ್ಜಿ ಹಾಕದವರು, ಗುಳೆ ಹೋಗುವ ಮನೆಗಳಿಗೆ ಸಂಜೆ ಹೊತ್ತು ತಿರುಗಿ ಮಗುವನ್ನಾದರೂ ಅಜ್ಜಿಯ ಹತ್ತಿರ ಬಿಟ್ಟು ಹೋಗಿ ಎಂದು ಕೈಮುಗಿದವರು. ಅವರ ಸಂಖ್ಯೆ ದೊಡ್ಡದಲ್ಲ. ಆದರೆ ಒಂದು ತಾಲೂಕಿನಲ್ಲಿ ಇಂಥ ಹತ್ತು ಜನರಿದ್ದರೆ ಹತ್ತು ಓಣಿಗಳ ಮಕ್ಕಳ ಹಣೆಬರಹ ಬದಲಾಗುತ್ತದೆ.

ಅವರನ್ನು ಕಂಡಾಗ ನಾವು ಆಡುವ ಮಾತು ಒಂದೇ: ‘ಒಳ್ಳೆಯ ಸಂಸ್ಕಾರ ಇದೆ.’ ಮಾತು ಸರಿ. ಆದರೆ ಆ ಸಂಸ್ಕಾರ ಎಲ್ಲಿಂದ ಬಂತು, ಯಾರು ಕೊಟ್ಟರು, ಅದು ಬತ್ತದಂತೆ ನೋಡಿಕೊಳ್ಳುವವರು ಯಾರು ಎಂದು ಕೇಳುವುದಿಲ್ಲ. ಸಂಸ್ಕಾರ ಆಕಾಶದಿಂದ ಬೀಳುವ ಮಳೆ ಎಂಬಂತೆ ಕಾಯುತ್ತೇವೆ. ತಿಕೋಟಾ ಸೀಮೆಯವರಿಗೆ ಮಳೆಯನ್ನು ನಂಬಿ ಕೂತರೆ ಏನಾಗುತ್ತದೆಂದು ಹೇಳಿಕೊಡಬೇಕಾಗಿಲ್ಲ.

ಸಂಸ್ಕಾರವನ್ನು ಕಟ್ಟಿದವರ ಇತಿಹಾಸ ನಮ್ಮಲ್ಲೇ ಇದೆ. 19ನೇ ಶತಮಾನದಲ್ಲಿ ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಮರಾಠಿಯ ಮೇಲುಗೈ ಇದ್ದಾಗ ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಕನ್ನಡ ಶಾಲೆಗಳನ್ನು ಬೆಳೆಸಲು ಆಯುಷ್ಯ ಸವೆಸಿದರು. 1910ರಲ್ಲಿ ಹಳಕಟ್ಟಿಯವರು ವಿಜಯಪುರದಲ್ಲಿ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು, ಅಂದರೆ ಇಂದಿನ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಹುಟ್ಟುಹಾಕಿದರು. ವೃತ್ತಿಯಲ್ಲಿ ವಕೀಲರಾದ ಅವರು ಶಿಕ್ಷಕರ ಮಗ. ತಂದೆ ಗುರುಬಸಪ್ಪನವರು ಧಾರವಾಡದಲ್ಲಿ ಮಾಸ್ತರರಾಗಿದ್ದವರು. ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ‘ಶಿವಾನುಭವ’ ಪತ್ರಿಕೆ ಆರಂಭವಾದದ್ದು 1926ರಲ್ಲಿ. ತಾಳೆಗರಿ ಹುಡುಕಿದ ಕೈಯೇ ಶಾಲೆಗೂ ಅಡಿಗಲ್ಲು ಹಾಕಿತು. ವಚನ ಓದಲು ಬಾರದ ಸಮಾಜಕ್ಕೆ ವಚನ ಅಚ್ಚುಮಾಡಿ ಕೊಟ್ಟು ಪ್ರಯೋಜನವೇನು ಎಂಬ ಸರಳ ಲೆಕ್ಕ ಅವರಿಗೆ ತಿಳಿದಿತ್ತು.

ಬೆಳಗಾವಿಯ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1916ರ ನವೆಂಬರ್ 13ರಂದು ಏಳು ಜನ ತರುಣ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ಎಚ್.ಎಫ್. ಕಟ್ಟೀಮನಿ, ವಿ.ವಿ. ಪಾಟೀಲ. ಸಪ್ತರ್ಷಿಗಳೆಂದು ಇಂದು ಕರೆಯುವ ಇವರು ಆಗ ಋಷಿಗಳ ವಯಸ್ಸಿನವರಲ್ಲ. ಬಸವನಾಳರಿಗೆ 23 ವರ್ಷ. ಪದವೀಧರರು ವಿರಳವಾಗಿದ್ದ ಕಾಲವದು. ಸರ್ಕಾರಿ ಕಚೇರಿಯ ಬಾಗಿಲು ಅವರಿಗೆ ತೆರೆದೇ ಇತ್ತು. ಅವರು ಒಂದು ಮಾಧ್ಯಮಿಕ ಶಾಲೆ ಕಟ್ಟುವುದನ್ನು ಆರಿಸಿಕೊಂಡರು. ಪುಣೆಯ ಡೆಕ್ಕನ್ ಎಜುಕೇಷನ್ ಸೊಸೈಟಿ 1884ರಿಂದ ನಡೆಸಿಕೊಂಡು ಬಂದಿದ್ದ ಆಜೀವ ಸದಸ್ಯತ್ವದ ಮಾದರಿ ಅವರ ಕಣ್ಣಮುಂದಿತ್ತು: ಸಣ್ಣ ಸಂಬಳ, ದೀರ್ಘ ಸೇವೆ.

ಈ ಕಥೆಯನ್ನು ಹೇಳುವಾಗ ನಾವು ಅರ್ಧಕ್ಕೆ ನಿಲ್ಲಿಸುತ್ತೇವೆ. ಏಳು ಜನರ ತ್ಯಾಗವನ್ನು ಹೊಗಳುತ್ತೇವೆ. ಅವರ ಬೆನ್ನಿಗೆ ಯಾರು ನಿಂತರು ಎಂಬುದನ್ನು ಬಿಡುತ್ತೇವೆ. ಅರಟಾಳ ರುದ್ರಗೌಡರು ನಿಂತರು. ವಂಟಮುರಿಯ ದೇಸಾಯಿಯವರು ನಿಂತರು. ಅದಕ್ಕೂ ಹತ್ತು ವರ್ಷ ಮೊದಲೇ ಕಣ್ಮುಚ್ಚಿದ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋಗಿದ್ದರು. ಅಂದರೆ ಕಲಿಸುವ ತರುಣರು ತಮ್ಮ ಆಯುಷ್ಯ ಕೊಟ್ಟರು, ಉಳ್ಳವರು ತಮ್ಮ ಗಳಿಕೆ ಕೊಟ್ಟರು. ಎರಡೂ ಕೈ ಸೇರಿದಾಗ ಚಪ್ಪಾಳೆ. ಒಂದೇ ಕೈಯನ್ನು ಬೀಸಲು ಬಿಟ್ಟು ಸಪ್ಪಳ ಬರಲಿಲ್ಲವೆಂದು ಗೊಣಗಿದರೆ ಆ ಕೈ ಏನು ಮಾಡೀತು?

ನೀರಾವರಿ ಕೆಲಸದಲ್ಲಿ ದುಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ನೀರು ತನ್ನಷ್ಟಕ್ಕೆ ತಗ್ಗಿಗೆ ಹರಿಯುತ್ತದೆ, ದಿನ್ನೆಗೆ ಹತ್ತುವುದಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೆ ಬಂದದ್ದು ನೀರಿನ ಒಳ್ಳೆಯತನದಿಂದ ಅಲ್ಲ. ಜಾಕ್‌ವೆಲ್ ಕಟ್ಟಿ, ಪಂಪು ಕೂಡಿಸಿ, ಕೊಳವೆ ಹಾಕಿ, ವಿದ್ಯುತ್ ಕೊಟ್ಟು ಎತ್ತಿದ್ದರಿಂದ ಬಂತು. ಪಂಪು ನಿಂತ ದಿನ ನೀರೂ ನಿಲ್ಲುತ್ತದೆ. ಕಲಿತ ಮನುಷ್ಯರ ಹರಿವೂ ಹಾಗೆಯೇ. ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ತಾನಾಗಿ ಹರಿಯುತ್ತದೆ. ಅದನ್ನು ತಿರುಗಿಸಿ ವಸ್ತಿ ಶಾಲೆಗೆ ಏರಿಸಬೇಕಾದರೆ ಹಿಂದೆ ಒಂದು ಶಕ್ತಿ ಬೇಕು. ಆ ಶಕ್ತಿಯ ಒಂದು ಭಾಗ ಕಾನೂನು ಮತ್ತು ಸಂಬಳ. ಇನ್ನೊಂದು ಭಾಗ ನಾವು ಸಂಸ್ಕಾರ ಎನ್ನುವುದು.

ಸರ್ಕಾರದ ಭಾಗವನ್ನು ಮೊದಲು ನೋಡೋಣ. ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು 2007ರಲ್ಲಿ ಕಾನೂನು ಬಂತು, 2020ರಲ್ಲಿ ಮತ್ತೊಂದು. ಶಾಲೆಗಳನ್ನು ಎ, ಬಿ, ಸಿ ಎಂದು ವಲಯ ಮಾಡಿದ್ದಾರೆ. ತಿಕೋಟಾದ ಒಳಭಾಗದ ಶಾಲೆಗಳಂಥವು ಸಿ ವಲಯದ ಪಟ್ಟಿಯಲ್ಲಿ ಬರುತ್ತವೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಮುಂದಾಯಿತು. ಅರ್ಹರು ಸಾಕಷ್ಟು ಸಿಗಲಿಲ್ಲ, ಪ್ರಕರಣ ನ್ಯಾಯಾಲಯಕ್ಕೂ ಹೋಯಿತು, ಆಯ್ಕೆಯಾದವರು ಶಾಲೆ ಸೇರುವಷ್ಟರಲ್ಲಿ ಮುಂದಿನ ಶೈಕ್ಷಣಿಕ ವರ್ಷದ ಅರ್ಧ ಕಳೆದಿತ್ತು. ನಡುವಿನ ತೂತಿಗೆ ತೇಪೆ ಹಾಕುವವರು ಅತಿಥಿ ಶಿಕ್ಷಕರು. ಅವರಲ್ಲಿ ಪ್ರಾಥಮಿಕ ಶಾಲೆಯವರ ಗೌರವಧನ ಬಹುಕಾಲ ತಿಂಗಳಿಗೆ 10,000 ರೂಪಾಯಿಯ ಆಸುಪಾಸಿನಲ್ಲಿತ್ತು. ಅದೂ ತಿಂಗಳು ತಿಂಗಳು ಕೈಗೆ ಬರುವ ಭರವಸೆಯಿಲ್ಲ. ಬೇಸಿಗೆ ರಜೆಗೆ ಏನೂ ಇಲ್ಲ. ಬಿ.ಇಡಿ. ಮುಗಿಸಿದ ತರುಣನೊಬ್ಬ ದ್ರಾಕ್ಷಿ ತೋಟದ ಕೂಲಿಯ ಲೆಕ್ಕ ಹಾಕಿ ನೋಡಿದರೆ ಕಲಿಸುವುದಕ್ಕಿಂತ ಕಡ್ಡಿ ಕತ್ತರಿಸುವುದೇ ಲಾಭ ಎನಿಸೀತು.

ಇಲ್ಲಿ ನಾವು ಒಂದು ಎಚ್ಚರಿಕೆ ವಹಿಸಬೇಕು. ಇಂಥ ಶಿಕ್ಷಕರನ್ನು ಕಂಡು ‘ಇದೇ ನಿಜವಾದ ಕಾಯಕ’ ಎಂದು ನಾವು ಹೊಗಳಿದಾಗ ಸರ್ಕಾರಕ್ಕೂ ಆಡಳಿತ ಮಂಡಳಿಗಳಿಗೂ ಬಹಳ ಸಂತೋಷವಾಗುತ್ತದೆ. ಹೊಗಳಿಕೆಗೆ ಖರ್ಚಿಲ್ಲ. ಆದರೆ ಶರಣರ ಕಾಯಕ ತತ್ವ ಪುಕ್ಕಟೆ ದುಡಿಮೆಯ ತತ್ವವಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಹೆಚ್ಚಿನದನ್ನು ತಿರುಗಿ ಸುರಿದು ಬರಲು ಹೇಳಿದಳು. ಆ ಕಥೆಯಿಂದ ನಾವು ‘ಹೆಚ್ಚು ಬಯಸಬೇಡ’ ಎಂಬ ಒಂದೇ ಪಾಠ ಕಲಿತಿದ್ದೇವೆ. ದುಡಿದವರಿಗೆ ದಿನದ ಅಕ್ಕಿ ದಿನಕ್ಕೆ ಸಿಗಬೇಕು ಎಂಬುದು ಆ ಕಥೆಯ ಅಡಿಪಾಯ. ಅದು ಇದ್ದುದರಿಂದಲೇ ಲಕ್ಕಮ್ಮ ಹೆಚ್ಚಿನದನ್ನು ಬೇಡವೆನ್ನಬಹುದಾಯಿತು. ಮನೆಯಲ್ಲಿ ಒಲೆ ಹೊತ್ತದವರಿಗೆ ಅಪರಿಗ್ರಹದ ಉಪದೇಶ ಕೊಡುವುದು ಶರಣ ಧರ್ಮವಲ್ಲ.

ಸರ್ಕಾರವನ್ನು ಕೇಳುವ ಮೊದಲು ನಮ್ಮ ಮನೆಯ ಅಂಗಳವನ್ನೂ ಗುಡಿಸಬೇಕು. ಈ ನಾಡಿನಲ್ಲಿ ಬಸವಾದಿ ಶರಣರ ಹೆಸರು ಹೊತ್ತ, ಮಠಗಳ ಹೆಸರು ಹೊತ್ತ ಶಾಲೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಅನುದಾನರಹಿತ ವಿಭಾಗದ ತರುಣ ಶಿಕ್ಷಕರ ಸ್ಥಿತಿ ಹೇಗಿದೆ? ಸಹಿ ಒಂದು ಮೊತ್ತಕ್ಕೆ, ಕೈಗೆ ಬರುವುದು ಇನ್ನೊಂದು ಮೊತ್ತ ಎಂಬ ದೂರು ಖಾಸಗಿ ಶಾಲೆಗಳ ಬಗ್ಗೆ ಊರೂರಲ್ಲಿ ಕೇಳುತ್ತೇವೆ. ಅನುದಾನಿತ ಹುದ್ದೆ ತುಂಬುವಾಗ ‘ಕಟ್ಟಡ ನಿಧಿ’ಯ ಹೆಸರಿನಲ್ಲಿ ಹಣ ಕೇಳುವ ಸುದ್ದಿಯೂ ಹೊಸದಲ್ಲ. ಹೊಲ ಮಾರಿ ಹಣ ಕೊಟ್ಟು ಮಾಸ್ತರನಾದವನು ಮೊದಲು ಹೊಲವನ್ನು ಮರಳಿ ಪಡೆಯುವ ಲೆಕ್ಕ ಹಾಕುತ್ತಾನೆ. ಅವನಿಂದ ದಾಸೋಹ ನಿರೀಕ್ಷಿಸುವ ಅಧಿಕಾರ ಹಣ ಪಡೆದವರಿಗೆ ಉಳಿಯುವುದಿಲ್ಲ. ಎಲ್ಲ ಸಂಸ್ಥೆಗಳೂ ಹೀಗಿಲ್ಲ. ಹೀಗಿಲ್ಲದ ಸಂಸ್ಥೆಗಳೇ ಮುಂದೆ ಬಂದು, ನಮ್ಮಲ್ಲಿ ಪೂರ್ತಿ ಸಂಬಳ ಬ್ಯಾಂಕ್ ಖಾತೆಗೆ ಹೋಗುತ್ತದೆ, ನೇಮಕಕ್ಕೆ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ ಎಂದು ಬಸವ ಜಯಂತಿಯ ದಿನ ಬಹಿರಂಗವಾಗಿ ಸಾರಲಿ. ಉಳಿದವರಿಗೆ ತಾನಾಗಿ ನಾಚಿಕೆ ಬರುತ್ತದೆ.

ಇನ್ನು ಸಂಸ್ಕಾರದ ಭಾಗ. ಕಠಿಣ ಶಾಲೆಯನ್ನು ಆರಿಸಿಕೊಳ್ಳುವ ತರುಣರ ಹಿನ್ನೆಲೆ ಗಮನಿಸಿದರೆ ಮೂರು ಎಳೆಗಳು ಕಾಣುತ್ತವೆ.

ಮೊದಲನೆಯದು ಋಣದ ಅರಿವು. ಉತ್ತರ ಕರ್ನಾಟಕದ ಹಳೆಯ ತಲೆಮಾರಿನ ಮಾಸ್ತರರಲ್ಲಿ ಅನೇಕರು ಮಠದ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳ ಅನ್ನ ಎಷ್ಟು ಸಾವಿರ ಶಾಲೆಗಳಿಗೆ ಗುರುಗಳನ್ನು ಕೊಟ್ಟಿತೆಂದು ಯಾರೂ ಲೆಕ್ಕವಿಟ್ಟಿಲ್ಲ. ಊರವರು ಕೊಟ್ಟ ಜೋಳ, ಬೇಳೆಯಿಂದ ತನ್ನ ತಟ್ಟೆ ತುಂಬಿತು ಎಂದು ಬಲ್ಲ ಹುಡುಗ ಯಾರಿಗಾದರೂ ಅದನ್ನು ತೀರಿಸಬೇಕು ಎಂದುಕೊಂಡೇ ಬೆಳೆಯುತ್ತಾನೆ. ಕೊಟ್ಟವರಿಗೇ ಮರಳಿಸಲಾಗದ ಸಾಲವದು. ಮುಂದಿನ ಮಗುವಿಗೆ ಕೊಟ್ಟು ತೀರಿಸಬೇಕು. 2002ರಲ್ಲಿ ಸರ್ಕಾರ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಾಗ ತೆಗೆದುಕೊಂಡದ್ದು ನಮ್ಮ ಮನೆಯ ಮಾತನ್ನೇ.

ಎರಡನೆಯದು ಸರಳತೆಗೆ ಸಿಗುವ ಗೌರವ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರು ಕಿಸೆಯಿಲ್ಲದ ಬಿಳಿ ಅಂಗಿ ತೊಟ್ಟು ಹಳ್ಳಿ ಹಳ್ಳಿಗೆ ಪ್ರವಚನ ಹೇಳಿದರು. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ವಿಜಯಪುರಕ್ಕೆ ಹರಿದು ಬಂದ ಜನಸಾಗರವನ್ನು ನಾವೆಲ್ಲ ಕಂಡಿದ್ದೇವೆ. ಏನನ್ನೂ ಇಟ್ಟುಕೊಳ್ಳದವರನ್ನು ಈ ಸೀಮೆ ತಲೆಯ ಮೇಲೆ ಹೊತ್ತಿತು. ಅದನ್ನು ನೋಡಿ ಬೆಳೆದ ಹುಡುಗ ಹುಡುಗಿಯರ ಮನಸ್ಸಿನಲ್ಲಿ, ದೊಡ್ಡವರಾಗುವುದೆಂದರೆ ದೊಡ್ಡ ಬಂಗಲೆ ಕಟ್ಟುವುದಷ್ಟೇ ಅಲ್ಲ ಎಂಬ ಮಾತು ಉಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ಹುಡುಗನಿಗೆ ಹೆಣ್ಣು ಕೊಡುವಾಗ ನಾವು ‘ಹಳ್ಳಿ ಶಾಲೆಯ ಮಾಸ್ತರನೇ? ಬೆಂಗಳೂರಿನಲ್ಲಿ ಕಂಪನಿ ಕೆಲಸದವನು ಇಲ್ಲವೇ?’ ಎಂದು ಕೇಳುತ್ತೇವೆ. ಪ್ರವಚನದಲ್ಲಿ ಒಂದು ಮೌಲ್ಯ, ಲಗ್ನದ ಮಾತುಕತೆಯಲ್ಲಿ ಇನ್ನೊಂದು ಮೌಲ್ಯ. ಮಕ್ಕಳು ಎರಡನೆಯದನ್ನೇ ನಂಬುತ್ತಾರೆ.

ಮೂರನೆಯದು ಸಮಾನತೆ. ತಾಂಡಾದ ಮಗು, ಕೇರಿಯ ಮಗು, ಗೌಡರ ಮನೆಯ ಮಗು ಒಂದೇ ಎಂದು ಬುದ್ಧಿಯಿಂದಲ್ಲ, ಹೃದಯದಿಂದ ಒಪ್ಪಿದ ಶಿಕ್ಷಕರು ಮಾತ್ರ ವಸ್ತಿ ಶಾಲೆಯಲ್ಲಿ ಉಳಿಯುತ್ತಾರೆ. ಉಳಿದವರಿಗೆ ಅದು ಶಿಕ್ಷೆಯ ಜಾಗ. ಅನುಭವ ಮಂಟಪವನ್ನು ಬಾಯಲ್ಲಿ ಹೇಳುವುದು ಸುಲಭ; ಕನ್ನಡ ಬಾರದೆ ಲಂಬಾಣಿ ಮಾತಾಡುತ್ತ ಒಂದನೇ ತರಗತಿಗೆ ಬಂದ ಮಗುವಿನ ಮುಂದೆ ಕೂತು, ಅದರ ಮಾತು ನಾಲ್ಕು ಕಲಿತು, ತನ್ನ ಮಾತು ನಾಲ್ಕು ಕಲಿಸುವ ಅಕ್ಕೋರು ಅದನ್ನು ದಿನಾಲು ನಡೆಸುತ್ತಿದ್ದಾರೆ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇವೆ. ಆ ಅಕ್ಕೋರಿಗೆ ನಮ್ಮೂರಲ್ಲಿ ಮನೆಯಿದೆಯೇ? ಶಿಕ್ಷಕರು ಊರಲ್ಲಿ ಇರುವುದಿಲ್ಲ, ಸಂಜೆ ಬಸ್ಸು ಹತ್ತಿ ವಿಜಯಪುರಕ್ಕೆ ಓಡುತ್ತಾರೆ ಎಂದು ಕಟ್ಟೆಯ ಮೇಲೆ ಕೂತು ಬೈಯುವವರು ಎಲ್ಲ ಊರಲ್ಲೂ ಇದ್ದಾರೆ. ಒಬ್ಬ ತರುಣಿ ಬಾಡಿಗೆ ಮನೆ ಕೇಳಿಕೊಂಡು ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ‘ಯಾವ ಪೈಕಿ?’ ಆಕೆ ಪರಿಶಿಷ್ಟ ಜಾತಿಯವಳೆಂದು ತಿಳಿದ ಕೂಡಲೇ ಖಾಲಿ ಇದ್ದ ಮನೆಗೆ ಮಗಳು ಅಳಿಯ ಬರುವವರಿರುತ್ತಾರೆ, ಸುಣ್ಣ ಬಣ್ಣ ಬಾಕಿ ಇರುತ್ತದೆ. ಎಲ್ಲ ಊರಲ್ಲೂ ಹೀಗೆ ಎಂದು ನಾವು ಹೇಳುವುದಿಲ್ಲ. ಆದರೆ ಇದು ಇಲ್ಲ ಎಂದು ಎದೆ ಮುಟ್ಟಿ ಹೇಳುವ ಊರು ಎಷ್ಟಿವೆ? ಬಾಗಿಲಲ್ಲಿ ಇಷ್ಟಲಿಂಗಧಾರಿಯ ಹೆಸರಿನ ಫಲಕವಿರುವ ಮನೆಯಲ್ಲಿ ಇದು ನಡೆದರೆ ಅದಕ್ಕಿಂತ ದೊಡ್ಡ ಲಿಂಗದ್ರೋಹ ಇನ್ನೊಂದಿಲ್ಲ. ಹರಳಯ್ಯ ಮಧುವರಸರ ಮನೆತನಗಳು ಬೀಗರಾದದ್ದಕ್ಕೆ ಕಲ್ಯಾಣದಲ್ಲಿ ಪ್ರಾಣ ತೆತ್ತವರ ಪರಂಪರೆ ನಮ್ಮದು. ಆ ಪರಂಪರೆಯವರು ನಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಬಂದವಳಿಗೆ ಎರಡು ಕೋಣೆ ಕೊಡಲಾರದೆ ಹೋದರೆ, 2024ರ ಜನವರಿಯಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸರ್ಕಾರ ಘೋಷಿಸಿದಾಗ ನಾವು ಹಂಚಿದ ಪೇಡೆಗೆ ಅರ್ಥವೇನು?

ಹೊರಗಿನ ಜಗತ್ತಿನಲ್ಲೂ ಇಂಥ ಪ್ರಯತ್ನಗಳಿವೆ. ಅಮೆರಿಕದಲ್ಲಿ 1990ರಲ್ಲಿ ‘ಟೀಚ್ ಫಾರ್ ಅಮೆರಿಕ’ ಎಂಬ ಕಾರ್ಯಕ್ರಮ ಕೆಲಸ ಶುರುಮಾಡಿತು. ಒಳ್ಳೆಯ ಕಾಲೇಜುಗಳಿಂದ ಹೊರಬಂದ ಪದವೀಧರರು ಎರಡು ವರ್ಷ ಬಡ ಬಡಾವಣೆಯ ಶಾಲೆಗಳಲ್ಲಿ ಕಲಿಸಬೇಕು. ಅದೇ ರೀತಿಯಲ್ಲಿ 2009ರಿಂದ ‘ಟೀಚ್ ಫಾರ್ ಇಂಡಿಯಾ’ ನಮ್ಮ ದೇಶದ ದೊಡ್ಡ ನಗರಗಳಲ್ಲಿ ನಡೆದಿದೆ. ಆ ತರುಣರ ಉತ್ಸಾಹ ದೊಡ್ಡದು. ಆದರೆ ಎರಡು ವರ್ಷ ಶಿಕ್ಷಕರಿಗೆ ಒಳ್ಳೆಯ ಅನುಭವವಾದೀತು. ಒಂದನೇ ತರಗತಿ ಸೇರಿದ ಮಗು ಪ್ರಾಥಮಿಕ ಶಾಲೆ ಮುಗಿಸಲು ಏಳೆಂಟು ವರ್ಷ ಬೇಕು. ನಮ್ಮ ಸಪ್ತರ್ಷಿಗಳ ದಾರಿ ಉಳಿಯುವವರ ದಾರಿ. ಎಲ್ಲರಿಂದಲೂ ಆಯುಷ್ಯ ಕೇಳುವುದು ಈ ಕಾಲದಲ್ಲಿ ಆಗದ ಮಾತು. ಐದು ವರ್ಷ ಒಂದೇ ಶಾಲೆಯಲ್ಲಿ ಮನಸ್ಸಿಟ್ಟು ನಿಂತರೆ ಒಂದು ತಂಡದ ಮಕ್ಕಳು ಓದು ಬರಹ ಕೈವಶ ಮಾಡಿಕೊಂಡು ಹೊರಬರುತ್ತಾರೆ. ಅಷ್ಟನ್ನು ಕೇಳಬಹುದು. ಕೇಳುವ ಮೊದಲು ನಾವು ಕೊಡಬೇಕಾದ್ದನ್ನು ಕೊಟ್ಟಿರಬೇಕು.

ಗಡಿಯಾಚೆಯ ಮಾತನ್ನೂ ಮರೆಯಬಾರದು. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುತ್ತಿದ್ದಾರೆ ಎಂಬ ಅಲ್ಲಿನ ಕನ್ನಡಿಗರ ಅಳಲು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬಂದಿದೆ. ಅವರೂ ನಮ್ಮವರೇ, ನಮ್ಮ ಮಠಗಳ ಭಕ್ತರೇ. ಅಲ್ಲಿಯ ಕನ್ನಡದ ಹುಡುಗ ಹುಡುಗಿಯರು ಶಿಕ್ಷಕರ ತರಬೇತಿ ಪಡೆದು ತಮ್ಮೂರ ಶಾಲೆಗೇ ಮರಳುವಂತೆ ಅವರಿಗೆ ವಿಜಯಪುರದಲ್ಲಿ ಉಚಿತ ವಸತಿ ಕೊಡುವುದು ನಮ್ಮ ಮಠಗಳಿಗೆ ಆಗದ ಕೆಲಸವಲ್ಲ.

ಆದ್ದರಿಂದ ಈ ಭಾಗದ ಪೂಜ್ಯರಲ್ಲಿ ಮತ್ತು ಶರಣ ಬಳಗದಲ್ಲಿ ನಮ್ಮ ಬಿನ್ನಹ ಇಷ್ಟು. ತಿಕೋಟಾ, ಬಬಲೇಶ್ವರ ತಾಲೂಕುಗಳ ಪ್ರತಿ ಮಠವೂ, ಮಠವಿಲ್ಲದ ಊರಲ್ಲಿ ಬಸವ ಬಳಗವೂ, ಹೊರಗಿನಿಂದ ಬಂದ ಶಿಕ್ಷಕರಿಗಾಗಿ ಕನಿಷ್ಠ ಒಂದು ಮನೆಯನ್ನು ಕಾದಿರಿಸಲಿ. ನೀರು, ಕದ ಚಿಲಕ, ಶೌಚಾಲಯ ಸರಿಯಾಗಿರಲಿ. ಜಾತಿ ಕೇಳುವ ಪ್ರಶ್ನೆ ಇಲ್ಲ ಎಂದು ಪೂಜ್ಯರೇ ಸಭೆಯಲ್ಲಿ ಹೇಳಲಿ. ಗುಳೆಯ ತಿಂಗಳುಗಳಲ್ಲಿ ತಾಂಡಾದ ಮಕ್ಕಳು ಊರಲ್ಲೇ ಉಳಿದು ಓದುವಂತೆ ಮಠದ ಪ್ರಸಾದ ನಿಲಯದ ಬಾಗಿಲು ತೆರೆಯಲಿ. ಶಾಲಾಭಿವೃದ್ಧಿ ಸಮಿತಿ ತಿಂಗಳಿಗೊಮ್ಮೆ ಕೂತು, ಅತಿಥಿ ಶಿಕ್ಷಕರ ಗೌರವಧನ ಬಂದಿದೆಯೇ ಎಂದು ಮೊದಲು ಕೇಳಲಿ. ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಊರೇ ಹೋಗಲಿ, ಆ ಹುಡುಗನೊಬ್ಬನನ್ನೇ ಅಲೆಯಲು ಬಿಡುವುದು ಬೇಡ. ಜಾತ್ರೆಯ ವೇದಿಕೆಯಲ್ಲಿ ಶಾಲು ಹೊದಿಸುವಾಗ ಮೈಕನ್ನು ಆ ಶಿಕ್ಷಕರ ಕೈಗೆ ಕೊಟ್ಟು, ನಿಮ್ಮ ಶಾಲೆಗೆ ಏನು ಬೇಕು ಎಂದು ಕೇಳೋಣ. ಅವರು ಹೇಳಿದ್ದನ್ನು ಬರೆದುಕೊಂಡು ಮುಂದಿನ ಜಾತ್ರೆಗೆ ಲೆಕ್ಕ ಒಪ್ಪಿಸೋಣ.

ಇವು ದೊಡ್ಡ ಯೋಜನೆಗಳಲ್ಲ. ಅಂದಾಜು ಪಟ್ಟಿ ತಯಾರಿಸಿದರೆ ಒಂದು ಹೊಸ ಕಮಾನು ಕಟ್ಟುವ ಖರ್ಚಿಗಿಂತ ಕಡಿಮೆಯೇ ಬಂದೀತು. ನಮ್ಮಲ್ಲಿ ಕಮಾನುಗಳಿಗೆ ಕೊರತೆಯಿಲ್ಲ. ಅವುಗಳ ಕೆಳಗೆ ದಿನಾಲು ಎರಡು ಬಾರಿ, ಟಿಫಿನ್ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗಾಗಿ ನಡೆಯುವ ಗುರುಗಳಿದ್ದಾರೆ. ಅವರು ಆರಿಸಿಕೊಂಡ ದಾರಿ ಅವರೊಬ್ಬರದೇ ಭಾರವಾಗದಂತೆ ನೋಡಿಕೊಳ್ಳುವುದು ಊರಿನ ಕಾಯಕ.

ಮುಂದಿನ ಸಂಚಿಕೆಯೊಳಗೆ ಯಾವ ಯಾವ ಊರವರು ಶಿಕ್ಷಕರಿಗೆ ಮನೆ ಕಾದಿರಿಸಿದಿರಿ ಎಂದು ಬರೆದು ತಿಳಿಸಿ. ಊರಿನ ಹೆಸರನ್ನು ಈ ಪುಟದಲ್ಲೇ ಅಚ್ಚು ಮಾಡುತ್ತೇವೆ. ಕೊಟ್ಟವರ ಹೆಸರು ಬೇಡ, ಊರಿನ ಹೆಸರು ಸಾಕು.